ಥರ್ಮೋಕೋಲ್ ಹೊದ್ದ ಮೀನುಗಳು

"ಕಿಟಕಿ ಮುಚ್ಚು," ಎಂದ ಫೋಲ್ಕ್‌ಮಾರ್, ಎರಡನೆಯ ಸಲ.

ಮರೀಟಾ ಮುಚ್ಚಲಿಲ್ಲ. ಎರಡೂ ಕದಗಳನ್ನು ಗೋಡೆಗೆ ತಾಗುವ ತನಕ ತೆರೆದು, ತೋಳು ಕಟ್ಟಿಕೊಂಡು, ಹೊರಗಿನ ಬೂದು ಬೆಳಗನ್ನು ನೋಡುತ್ತ ನಿಂತಿದ್ದಳು. ಜನವರಿಯ ಗಾಳಿ ನೇರವಾಗಿ ಅವನ ಕಾಲ ಬೆರಳುಗಳಿಗೆ ಬಂತು.

"ಐದು ನಿಮಿಷ," ಎಂದಳು. "ಗಾಳಿ ಆಡ್ದಿದ್ರೆ ಗೋಡೆಗೆ ಬೂಷ್ಟು ಹಿಡಿಯುತ್ತೆ."

"ಇವತ್ತೊಂದಿನ ಬಿಡು ಅಂದೆ."

"ಯಾಕೆ, ಇವತ್ತೇನು ವಿಶೇಷ?"

ಏನು ವಿಶೇಷ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅವಳಿಗೆ ಗೊತ್ತಿದೆ ಎಂದು ಅವನಿಗೂ ಗೊತ್ತಿತ್ತು. ಬೀದಿಯುದ್ದಕ್ಕೂ ಎಲ್ಲ ಮನೆಗಳ ಕಿಟಕಿಗಳೂ ಆ ಹೊತ್ತಿಗೆ ಬಾಯಿ ತೆರೆದಿದ್ದವು. ಹಿಮ ಬೀಳಲಿ ಬೆಂಕಿ ಬೀಳಲಿ, ಹೆರ್ನೆ ಊರಿನ ಹೆಂಗಸರು ಮನೆಗೆ ಐದು ನಿಮಿಷ ಗಾಳಿ ಕುಡಿಸದೆ ತಾವು ಕಾಫಿ ಕುಡಿಯುವವರಲ್ಲ. ಕರೆಂಟಿನ ದರ ಮೂರು ಪಟ್ಟಾದ ಈ ಚಳಿಗಾಲದಲ್ಲೂ ಆ ವ್ರತ ತಪ್ಪಿರಲಿಲ್ಲ.

ಫೋಲ್ಕ್‌ಮಾರ್ ಮೊಣಕಾಲೂರಿ ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿದ್ದ ಪುಟ್ಟ ಮೀಟರು ನೋಡಿದ. ಮೀನಿನ ತೊಟ್ಟಿಯ ಹೀಟರು ಕರೆಂಟು ಎಳೆಯುತ್ತಿತ್ತು. ಐದು ನಿಮಿಷದ ಗಾಳಿ ಕೋಣೆಯಿಂದ ಎಷ್ಟು ಶಾಖ ಒಯ್ಯುತ್ತದೆ ಎಂದು ಲೆಕ್ಕ ಮಾಡಿ ಹೇಳಬಲ್ಲವನು ಅವನು. ಇಪ್ಪತ್ತೆಂಟು ವರ್ಷದಿಂದ ಹೈಸ್ಕೂಲಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ. ಹೇಳಲಿಲ್ಲ. ಹೇಳಿದರೆ ಅವಳು "ಹೌದಾ" ಎನ್ನುತ್ತಿದ್ದಳು. ಆ "ಹೌದಾ" ಅವನಿಗೆ ಬೇಡವಾಗಿತ್ತು.

ಅವನ ಬೆನ್ನ ಹಿಂದೆ ಮೀನಿನ ತೊಟ್ಟಿ ನಿಂತಿತ್ತು. ನಾನೂರೈವತ್ತು ಲೀಟರಿನದು. ಹಿಂದೆ, ಅಡಿಗೆ, ಎಡಬಲಕ್ಕೆ, ಮುಂದೆ, ಎಲ್ಲ ಕಡೆಗೂ ಮೂರು ಬೆರಳು ದಪ್ಪದ ಥರ್ಮೋಕೋಲ್ ಹಲಗೆ. ತಂದು ಬಿಚ್ಚದೇ ಇಟ್ಟ ಫ್ರಿಜ್ಜಿನಂತೆ ಕಾಣುತ್ತಿತ್ತು. ಹೊಸಬರು ಯಾರಾದರೂ ಬಂದಿದ್ದರೆ ಇದರೊಳಗೆ ಆರು ಮೀನುಗಳಿವೆ ಎಂದು ಆಣೆ ಮಾಡಿದರೂ ನಂಬುತ್ತಿರಲಿಲ್ಲ. ಹೊಸಬರು ಯಾರೂ ಬರುತ್ತಿರಲಿಲ್ಲ, ಆ ಮಾತು ಬೇರೆ.

*

ಅಕ್ಟೋಬರಿನಲ್ಲಿ ಕರೆಂಟಿನವರ ಕಾಗದ ಬಂದಿತ್ತು. ಮರೀಟಾ ಊಟದ ಮೇಜಿನ ಬಳಿ ನಿಂತೇ ಓದಿ, ಮಡಿಸಿ, ಅವನ ತಟ್ಟೆಯ ಪಕ್ಕದಲ್ಲಿಟ್ಟಳು.

"ಮೂಗಿಗಿಂತ ಮೂಗುತಿ ಭಾರ ಆಯ್ತು," ಎಂದಳು. "ಮೀನುಗಳನ್ನ ನಿನ್ನ ಮೀನು ಸಂಘದ ಎವಾಲ್ಡ್‌ಗೆ ಕೊಟ್ಟುಬಿಡೋಣ. ಅವರ ಮನೆ ಮೇಲೆ ಸೋಲಾರ್ ಇದೆ. ಅಲ್ಲಿ ಸುಖವಾಗಿರ್ತವೆ."

"ಸುಮ್ನೆ ಹೇಳ್ತಿದೀಯಾ?"

"ಸುಮ್ನೆ ಯಾಕೆ ಹೇಳ್ಲಿ."

ತೊಟ್ಟಿಯಲ್ಲಿದ್ದ ಡಿಸ್ಕಸ್, ಬಿಸಿನೀರಿನ ಮೀನು. ಊಟದ ತಟ್ಟೆಯ ಅಗಲ, ತಟ್ಟೆಯದೇ ಆಕಾರ, ಇಟ್ಟಿಗೆ ಬಣ್ಣದ ಮೈಮೇಲೆ ನೀಲಿಯ ಡೊಂಕು ಗೆರೆ. ಇಪ್ಪತ್ತೊಂಬತ್ತು ಡಿಗ್ರಿ ಇಲ್ಲದಿದ್ದರೆ ಮುಖ ಊದಿಸಿಕೊಳ್ಳುತ್ತದೆ. ದಿನಕ್ಕೆ ಮೂರೂ ಮುಕ್ಕಾಲು, ನಾಲ್ಕು ಯೂನಿಟ್ ನುಂಗುತ್ತಿತ್ತು ಆ ತೊಟ್ಟಿ. ಫೋಲ್ಕ್‌ಮಾರ್ ಜನವರಿಯ ಕೊನೆಯ ತನಕ ಗಡುವು ಕೇಳಿದ. ಅಷ್ಟರಲ್ಲಿ ಖರ್ಚು ಅರ್ಧಕ್ಕೆ ಇಳಿಸಿದರೆ ಮೀನು ಉಳಿಯಬೇಕು, ಇಳಿಸದಿದ್ದರೆ ಎವಾಲ್ಡ್‌ನ ಮನೆಗೆ. ಕೊನೆಯ ಶನಿವಾರ, ಮಧ್ಯಾಹ್ನ ಮೂರು ಗಂಟೆ. ಹಿಂದಿನ ಇಪ್ಪತ್ನಾಲ್ಕು ಗಂಟೆಯ ಲೆಕ್ಕ ಒಂದೂ ತೊಂಬತ್ತು ಯೂನಿಟ್ಟಿನ ಒಳಗಿರಬೇಕು.

"ಸರಿ," ಎಂದಿದ್ದಳು ಮರೀಟಾ. ಅಡ್ಡಗೋಡೆಯ ಮೇಲೆ ದೀಪವಿಟ್ಟ ಹಾಗೆ. ಮೀನು ಉಳಿಯಲಿ ಎಂದೋ ಹೋಗಲಿ ಎಂದೋ ಅವನಿಗೆ ತಿಳಿಯಲಿಲ್ಲ.

ಅವನು ಶುರುಮಾಡಿದ. ಮೊದಲು ತೊಟ್ಟಿಯ ಅಡಿಗೆ, ಬೆನ್ನಿಗೆ, ಎಡಬಲಕ್ಕೆ ಥರ್ಮೋಕೋಲ್ ಬಂತು. ಆಮೇಲೆ ಮುಚ್ಚಳಕ್ಕೆ. ಹಳೆಯ ಪಂಪು ತೆಗೆದು ಕಡಿಮೆ ಕರೆಂಟಿನದನ್ನು ಹಾಕಿದ. ನಿಜವಾದ ಗಿಡಗಳನ್ನು ಕಿತ್ತು ಪ್ಲಾಸ್ಟಿಕ್ಕಿನವನ್ನು ನೆಟ್ಟ. ಪ್ಲಾಸ್ಟಿಕ್ಕಿಗೆ ಬೆಳಕು ಬೇಡವಲ್ಲ, ತೊಟ್ಟಿಯ ದೀಪ ಆರಿಸಿದ. ವಾರಕ್ಕೆ ಅರ್ಧರ್ಧ ಡಿಗ್ರಿ ಇಳಿಸುತ್ತ ಇಪ್ಪತ್ತೊಂಬತ್ತನ್ನು ಇಪ್ಪತ್ತೇಳು ಮಾಡಿದ. ಇಷ್ಟಾದರೂ ಲೆಕ್ಕ ಅರ್ಧದ ಹತ್ತಿರ ಬರಲಿಲ್ಲ. ಡಿಸೆಂಬರ್ ಆರರಂದು, ಬೀದಿಯ ಮಕ್ಕಳೆಲ್ಲ ಹಬ್ಬಕ್ಕೆಂದು ಬಾಗಿಲಲ್ಲಿಟ್ಟ ಬೂಟಿನೊಳಗೆ ಮಿಠಾಯಿ ಹುಡುಕುತ್ತಿದ್ದ ಬೆಳಿಗ್ಗೆ, ಮುಂದಿನ ಗಾಜಿಗೂ ಹಲಗೆ ಅಂಟಿಸಿದ.

ಆವತ್ತಿನಿಂದ ಮುಚ್ಚಳದ ಸಂದಿಯಿಂದ ಇಳಿಯುವ ಬೆಳಕೇ ಮೀನುಗಳ ಹಗಲು. ಆ ಸಂದಿಯಿಂದಲೇ ಆಹಾರ ಹಾಕಿ, ಒಂದು ಕಣ್ಣು ಮುಚ್ಚಿ ಒಳಗೆ ನೋಡುತ್ತಿದ್ದ. ಡಿಸ್ಕಸ್ ಮೀನು ಮೇಲಿನಿಂದ ನೋಡಿದರೆ ಮೀನಲ್ಲ, ಬರೀ ಗೆರೆ. ಅವನು ಗೆರೆಗಳನ್ನು ಎಣಿಸುತ್ತಿದ್ದ. ಆರಿದ್ದರೆ ಸಮಾಧಾನ. ಪ್ರತಿದಿನವೂ ಆರಿರುತ್ತಿದ್ದವು.

ಮೀನು ಸಾಕುವವರ ಸಂಘದಲ್ಲಿ ಅವನಿಗೆ ಹೆಸರು ಬಂತು. ಡಿಸೆಂಬರಿನ ಸಭೆಯಲ್ಲಿ ಒಂದೂವರೆ ಗಂಟೆ ಭಾಷಣ ಮಾಡಿದ. ಯಾವ ದಪ್ಪದ ಹಲಗೆ, ಯಾವ ಅಂಟು, ಎಷ್ಟು ಉಳಿತಾಯ. ಕತ್ತಲಲ್ಲಿದ್ದ ಮೀನಿಗೆ ಒಮ್ಮೆಗೇ ಬೆಳಕು ಹಾಕಬೇಡಿ, ಮೊದಲು ಕೋಣೆಯ ದೀಪ, ಅರ್ಧ ಗಂಟೆ ಬಿಟ್ಟು ತೊಟ್ಟಿಯ ದೀಪ, ಎಂದೂ ಹೇಳಿದ. ಮುದುಕರು ಪೆನ್ಸಿಲು ತೆಗೆದು ಬರೆದುಕೊಂಡರು.

*

ಅವನಿಗೆ ಮೀನಿನ ಮೇಲೆ ಅಷ್ಟೊಂದು ಪ್ರೀತಿಯೇ ಎಂದರೆ, ಅದೂ ಪೂರ್ತಿ ನಿಜವಲ್ಲ.

ಹತ್ತೊಂಬತ್ತು ವರ್ಷದಿಂದ ಆ ತೊಟ್ಟಿಯೆದುರು ಒಂದು ಸೋಫಾ ಇತ್ತು. ಸಂಜೆ ಇಬ್ಬರೂ ಬಂದು ಕೂರುತ್ತಿದ್ದರು. ಮರೀಟಾ ಕನ್ನಡಕದಂಗಡಿಯ ಕೆಲಸ ಮುಗಿಸಿ, ದಿನವಿಡೀ ಮಂದಿಯ ಕಣ್ಣು ಮೂಗು ಅಳೆದು ಸುಸ್ತಾಗಿ ಬಂದಿರುತ್ತಿದ್ದಳು. ಅವನು ಉತ್ತರಪತ್ರಿಕೆಗಳ ಕಟ್ಟಿನೊಡನೆ. ಪಂಪಿನ ಸದ್ದಿರುತ್ತಿತ್ತು. "ದೊಡ್ಡದು ಇವತ್ತು ಹಟ ಮಾಡ್ತಿದೆ," ಎನ್ನುವಳು. "ಹ್ಞೂಂ," ಎನ್ನುವನು. ಅವಳೇ ಎದ್ದು ಹೋಗಿ, ಎತ್ತಿನ ಹೃದಯ ಅರೆದು ತಾನೇ ಮಾಡಿಟ್ಟ ಉಂಡೆಯನ್ನು ಬೆರಳ ತುದಿಯಲ್ಲಿ ಹಿಡಿದು ನೀರಿಗಿಳಿಸಿದರೆ, ಆರೂ ಬಂದು ಅವಳ ಕೈಯಿಂದ ಕಿತ್ತು ತಿನ್ನುತ್ತಿದ್ದವು. ಅವಳು ನಗುತ್ತಿದ್ದಳು. ಆ ನಗು ಅವನಿಗಾಗಿ ಅಲ್ಲದಿದ್ದರೂ ಅವನೂ ಅಲ್ಲಿದ್ದ.

ಮುಂದಿನ ಹಲಗೆ ಅಂಟಿಸಿದ ದಿನ ಸಂಜೆ ಇಬ್ಬರೂ ಅಭ್ಯಾಸದಂತೆ ಬಂದು ಕೂತರು. ಎದುರಿಗೆ ಬಿಳಿ ಹಲಗೆ. ಹತ್ತು ನಿಮಿಷ ಅದನ್ನೇ ನೋಡಿದರು. ಆಮೇಲೆ ಮರೀಟಾ ಪದಬಂಧದ ಪುಸ್ತಕ ತೆಗೆದುಕೊಂಡು ಅಡುಗೆಮನೆಗೆ ಹೋದಳು. ಮತ್ತೆ ಆ ಸೋಫಾದ ಮೇಲೆ ಕೂರಲಿಲ್ಲ.

ಮೀನು ಹೋದರೆ ತಾವಿಬ್ಬರೂ ಒಂದೇ ಕೋಣೆಯಲ್ಲಿರಲು ಕಾರಣವೇ ಉಳಿಯುವುದಿಲ್ಲ ಎಂದು ಅವನಿಗೆ ಹೆದರಿಕೆಯಾಗಿತ್ತು. ಇದನ್ನು ಯಾರಿಗೂ ಹೇಳಿರಲಿಲ್ಲ. ಗಡುವು ಮುಗಿಯಲಿ, ಲೆಕ್ಕ ಗೆಲ್ಲಲಿ, ಆಮೇಲೆ ಹಲಗೆ ತೆಗೆದರಾಯಿತು ಎಂದುಕೊಂಡಿದ್ದ. ಹಲಗೆ ತೆಗೆದರೆ ಲೆಕ್ಕ ಮತ್ತೆ ಏರುತ್ತದೆ ಎಂಬುದೂ ಅವನಿಗೆ ಗೊತ್ತಿತ್ತು. ಆ ಎರಡನ್ನೂ ಅವನು ಒಟ್ಟಿಗೆ ಯೋಚಿಸುತ್ತಿರಲಿಲ್ಲ.

*

ಗಡುವಿನ ಶನಿವಾರ, ಹನ್ನೆರಡು ಗಂಟೆಗೆ ಮೀಟರು ಒಂದೂ ಎಪ್ಪತ್ನಾಲ್ಕು ತೋರಿಸುತ್ತಿತ್ತು. ಇನ್ನು ಮೂರು ಗಂಟೆ ಬಾಕಿ. ಗಂಟೆಗೆ ಇಷ್ಟೆಂದರೆ ಮೂರು ಗಂಟೆಗೆ ಎರಡು ಯೂನಿಟ್ಟಿನ ಹತ್ತಿರ. ಅವನು ಪೆನ್ಸಿಲು ಹಿಡಿದು ಎರಡು ಸಲ ಲೆಕ್ಕ ಹಾಕಿದ. ಎರಡು ಸಲವೂ ಸೋತ.

ಅಡುಗೆಮನೆಯಿಂದ ಸೇಬು ಮತ್ತು ದಾಲ್ಚಿನ್ನಿಯ ವಾಸನೆ ಬರುತ್ತಿತ್ತು. ಮೂರು ಗಂಟೆಗೆ ಸಂಘದವರು ಬರುವವರಿದ್ದರು. ವರ್ಷಕ್ಕೊಂದು ಸಲ ಒಬ್ಬೊಬ್ಬ ಸದಸ್ಯನ ಮನೆಗೆ ಹೋಗಿ ತೊಟ್ಟಿ ನೋಡುವುದು ಪದ್ಧತಿ. ಈ ಸಲ ಇವನ ಸರದಿ, ಮೀಟರು ಓದಿ ಲೆಕ್ಕ ಬರೆಯುವವರೂ ಅವರೇ. ಎವಾಲ್ಡ್ ಮೀನು ಸಾಗಿಸುವ ಪೆಟ್ಟಿಗೆಯನ್ನೂ ತರುವವನಿದ್ದ. ತಾ ಎಂದು ಫೋನು ಮಾಡಿ ಹೇಳಿದ್ದವಳು ಮರೀಟಾ.

"ಕಾಫಿ ಎಷ್ಟು ಜನಕ್ಕೆ ಮಾಡ್ಲಿ?" ಒಳಗಿನಿಂದ ಕೇಳಿದಳು.

"ನಾಲ್ಕೋ ಐದೋ."

"ನಾಲ್ಕಾ, ಐದಾ?"

"ಐದು."

ಮೇಷ್ಟರ ತಲೆ ಕೆಲಸ ಮಾಡಿತು. ನಾನೂರೈವತ್ತು ಲೀಟರು ನೀರು, ನಾಲ್ಕೂ ಕಡೆ ಹಲಗೆ. ಅರ್ಧ ಡಿಗ್ರಿ ಇಳಿಯಲು ಮೂರು ಗಂಟೆಗಿಂತ ತುಸು ಹೆಚ್ಚೇ ಬೇಕು. ಹೀಟರಿನ ತಿರುಪನ್ನು ಅರ್ಧ ಡಿಗ್ರಿ ಕೆಳಗೆ ತಿರುಗಿಸಿದರೆ ಮೂರು ಗಂಟೆಯ ತನಕ ಅದು ಹೊತ್ತಿಕೊಳ್ಳುವುದೇ ಇಲ್ಲ. ಪಂಪಿನದು ಚಿಲ್ಲರೆ. ಪರೀಕ್ಷೆಯಲ್ಲಿ ನಕಲು ಮಾಡಿದವರನ್ನು ಹಿಡಿದು ಎಷ್ಟೋ ಸಲ ಹೊರಗೆ ಕಳಿಸಿದ್ದವನು, ಅಡುಗೆಮನೆಯ ಬಾಗಿಲ ಕಡೆ ಒಮ್ಮೆ ನೋಡಿ, ಮುಚ್ಚಳ ಎತ್ತಿ, ತಿರುಪು ತಿರುಗಿಸಿದ. ಕೆಂಪು ದೀಪ ಆರಿತು. ನಾಚಿಕೆಯಾಯಿತು, ನಿಜವಾಗಿ ನಾಚಿಕೆಯಾಯಿತು. ಆದರೆ ಅದರ ಜೊತೆಗೇ ಹಗುರವೂ ಆಯಿತು.

ಸಂದಿಯಿಂದ ನೋಡಿದ. ಆರು ಗೆರೆ, ಒಂದಕ್ಕೊಂದು ತಾಗಿಕೊಂಡು ಎಡಮೂಲೆಯಲ್ಲಿ.

*

ಮೂರಕ್ಕೆ ಐದು ನಿಮಿಷವಿರುವಾಗ ಬಂದರು. ಬಾಗಿಲ ಬಳಿ ಬೂಟು ಕಳಚಿ, ಮರೀಟಾ ಕೊಟ್ಟ ಉಣ್ಣೆಯ ಚಪ್ಪಲಿ ಮೆಟ್ಟಿದರು. ಮುಂದೆ ಎವಾಲ್ಡ್ ಕುಶ್‌ಮಿಯರ್ಸ್, ಸಂಘದ ಅಧ್ಯಕ್ಷ, ಎಪ್ಪತ್ನಾಲ್ಕು ವರ್ಷ, ಕಲ್ಲಿದ್ದಲ ಗಣಿ ಮುಚ್ಚುವ ತನಕ ನೆಲದಡಿ ದುಡಿದವನು. ಹಿಂದೆ ಲೆಕ್ಕಪುಸ್ತಕ ಹಿಡಿದ ಕಾರ್ಯದರ್ಶಿ ಗುಂಡುಲಾ. ಅವಳ ಹಿಂದೆ ಮಾತಿಲ್ಲದ ಇಬ್ಬರು ಮುದುಕರು, ಕೇಕಿಗಾಗಿ ಬಂದವರು.

"ಏನ್ರೀ ಮೇಷ್ಟ್ರೇ," ಎಂದ ಎವಾಲ್ಡ್, ತೊಟ್ಟಿಯನ್ನು ಸುತ್ತು ಹಾಕುತ್ತ. "ನಿಮ್ಮ ಮೀನಿಗೆ ಕೋಟು ಹೊಲಿಸಿದೀರಿ, ನೀವು ನೋಡಿದ್ರೆ ಮೂಗು ಕೆಂಪು ಮಾಡ್ಕೊಂಡಿದೀರಿ."

"ಕೋಣೆಯ ಹೀಟರು ಹದಿನೇಳಕ್ಕಿಟ್ಟಿದೀವಿ."

"ಪುಣ್ಯವಂತ ಮೀನು. ನಮ್ಮ ಮನೇಲಿ ನನಗೂ ಇಷ್ಟು ಉಪಚಾರ ಇಲ್ಲ."

ಮುದುಕರು ನಕ್ಕರು. ಮರೀಟಾ ನಗಲಿಲ್ಲ. ಬಾಗಿಲ ಚೌಕಟ್ಟಿಗೆ ಒರಗಿ, ಏಪ್ರನ್ನಿಗೆ ಕೈ ಒರೆಸುತ್ತ ನಿಂತಿದ್ದಳು.

ಮೂರು ಹೊಡೆಯಿತು. ಗುಂಡುಲಾ ಬಗ್ಗಿ ಮೀಟರು ಓದಿದಳು. "ಒಂದೂ ಎಪ್ಪತ್ತೇಳು." ಪುಸ್ತಕದಲ್ಲಿ ಬರೆದಳು. "ಅರ್ಧಕ್ಕಿಂತ ಕಡಿಮೆ. ಭೇಷ್ ಮೇಷ್ಟ್ರೇ."

ಫೋಲ್ಕ್‌ಮಾರ್ ಮರೀಟಾಳ ಮುಖ ನೋಡಿದ.

"ಸರಿ ಹಾಗಾದ್ರೆ," ಎಂದಳು ಅವಳು. ಅಕ್ಟೋಬರಿನಲ್ಲಿ ಅಂದ ಹಾಗೆಯೇ.

ಗೆದ್ದಿದ್ದ. ಗೆದ್ದವನಿಗೆ ಏನೋ ಆಗಬೇಕಾಗಿತ್ತು. ಆಗುವುದೆಂದು ಒಂದು ನಿಮಿಷ ಕಾದ.

ಎವಾಲ್ಡ್ ಯಾರನ್ನೂ ಕೇಳದೆ ಮುಚ್ಚಳ ಎತ್ತಿ, ತೋರುಬೆರಳನ್ನು ನೀರಿಗಿಳಿಸಿ, ಕಣ್ಣು ಮುಚ್ಚಿಕೊಂಡ. "ಇಪ್ಪತ್ತಾರೂವರೆ," ಎಂದ.

"ಇಪ್ಪತ್ತೇಳು," ಎಂದ ಫೋಲ್ಕ್‌ಮಾರ್.

"ನಿಮ್ಮ ಪುಸ್ತಕದಲ್ಲಿ ಇಪ್ಪತ್ತೇಳು. ನೀರಲ್ಲಿ ಇಪ್ಪತ್ತಾರೂವರೆ." ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡ. "ನನ್ನ ಬೆರಳು ಎಲ್ಲೂ ಭಾಷಣ ಮಾಡಿಲ್ಲ ಬಿಡಿ, ತಪ್ಪಿರಬಹುದು."

ಮರೀಟಾ ಏಪ್ರನ್ನಿಗೆ ಕೈ ಒರೆಸುವುದನ್ನು ನಿಲ್ಲಿಸಿದಳು. ಅವಳು ಹೀಟರಿನ ಕಡೆ ನೋಡಿದಳೋ ತನ್ನ ಕಡೆಯೋ ಎಂದು ಅವನಿಗೆ ಗೊತ್ತಾಗಲಿಲ್ಲ. ಗೊತ್ತುಮಾಡಿಕೊಳ್ಳಲು ತಲೆ ಎತ್ತಲಿಲ್ಲ.

"ತುತ್ತು ಕೊಡಿ, ಮೇಷ್ಟ್ರೇ," ಎಂದಳು ಗುಂಡುಲಾ. "ಕೇಕ್ ಆರಿಹೋಗುತ್ತೆ."

ಅದು ಸಂಘದ ಪದ್ಧತಿ. ಮನೆಯ ಯಜಮಾನ ಬಂದವರೆದುರು ಕೈಯಾರೆ ಮೀನಿಗೆ ತಿನ್ನಿಸಬೇಕು. ಮೀನು ಬಂದು ಕೈಯಿಂದ ತಿಂದರೆ ಅದು ಅವನ ಮೀನು. ಅಲ್ಲಿಯ ತನಕ ಅಂಗಡಿಯದು. ಫೋಲ್ಕ್‌ಮಾರ್ ಈ ಪದ್ಧತಿಯನ್ನು ಮರೆತಿರಲಿಲ್ಲ, ಆದರೆ ಬೆಳಗಿನಿಂದ ಅದರ ಬಗ್ಗೆ ಯೋಚನೆಯನ್ನೂ ಮಾಡಿರಲಿಲ್ಲ. ತಲೆ ತುಂಬ ಒಂದೂ ತೊಂಬತ್ತೇ ಇತ್ತು. ಈಗ ಎಲ್ಲರ ಕಣ್ಣೂ ಇಪ್ಪತ್ತಾರೂವರೆಯಿಂದ ಆಚೆ ಹೋದರೆ ಸಾಕೆಂದು ಅವಸರ ಅವಸರವಾಗಿ ಅಂಟುಪಟ್ಟಿ ಕಿತ್ತ. ಮುಂದಿನ ಹಲಗೆ ಕಿರ್ ಎಂದು ಗಾಜು ಬಿಟ್ಟಿತು. ಇನ್ನೊಂದು ಕೈಯಿಂದ ತೊಟ್ಟಿಯ ದೀಪದ ಗುಂಡಿ ಒತ್ತಿದ.

"ಅಯ್ಯೋ, ದೀಪ," ಎಂದಳು ಮರೀಟಾ.

ಹೊತ್ತು ಮೀರಿತ್ತು. ಆ ಕಣ್ಣು ಕುಕ್ಕುವ ಬೆಳಕಿನಲ್ಲಿ ಒಂದು ಕ್ಷಣ ಆರೂ ಕಂಡವು. ಇಟ್ಟಿಗೆ ಬಣ್ಣವೂ ಇಲ್ಲ, ನೀಲಿ ಗೆರೆಯೂ ಇಲ್ಲ. ಕತ್ತಲಲ್ಲಿ ಕೊರಗಿ ಮೈಯೆಲ್ಲ ಇದ್ದಿಲ ಕಪ್ಪು. ಮರುಕ್ಷಣ ನೀರು ಕುದಿದಂತಾಯಿತು. ಆರೂ ದಿಕ್ಕೆಟ್ಟು ನುಗ್ಗಿದವು. ಗಾಜಿಗೆ, ಬುಡದ ಕಲ್ಲಿಗೆ, ಒಂದಕ್ಕೊಂದು ಡಿಕ್ಕಿ ಹೊಡೆದವು. ಪ್ಲಾಸ್ಟಿಕ್ ಗಿಡಗಳು ಬುಡಮೇಲಾದವು. ನೀರು ಎಗರಿ ಗುಂಡುಲಾಳ ಪುಸ್ತಕದ ಮೇಲೆ ಬಿತ್ತು. ಟಕ್, ಟಕ್ ಎಂದು ಗಾಜು ಬಡಿಯುವ ಸದ್ದು.

ಒಂದಿಷ್ಟು ಹೊತ್ತಿನ ಮೇಲೆ ಅವು ಹಿಂದಿನ ಮೂಲೆಯಲ್ಲಿ ಒತ್ತಿಕೊಂಡು ನಿಂತವು, ಬಾಲ ಈ ಕಡೆ, ಮುಖ ಆ ಕಡೆ. ದೊಡ್ಡದರ ಮೂತಿಯ ಚರ್ಮ ಕಿತ್ತು ಬೆಳ್ಳಗಾಗಿತ್ತು.

ಫೋಲ್ಕ್‌ಮಾರ್ ಉಂಡೆ ಹಿಡಿದ ಕೈಯನ್ನು ನೀರಿಗಿಳಿಸಿದ. ಯಾಕೆ ಇಳಿಸಿದನೋ. ಇಳಿಸದೆ ನಿಂತಿರುವುದು ಅದಕ್ಕಿಂತ ಕಷ್ಟವಾಗಿತ್ತು. ಕೈ ಕಂಡದ್ದೇ ತಡ, ಮತ್ತೆ ನುಗ್ಗಾಟ, ಮತ್ತೆ ಟಕ್ ಟಕ್. ಉಂಡೆ ಬೆರಳಲ್ಲೇ ಕರಗಿ ನೀರಿನಲ್ಲಿ ಹರಡಿತು.

"ಕೈ ತೆಗೀರಿ, ಮೇಷ್ಟ್ರೇ," ಎಂದ ಎವಾಲ್ಡ್. ದನಿಯಲ್ಲಿ ಹಾಸ್ಯವಿರಲಿಲ್ಲ.

"ಪಾಪ, ಜನ ನೋಡಿ ರೂಢಿ ತಪ್ಪಿದೆ," ಎಂದಳು ಗುಂಡುಲಾ.

"ಆರೂ ಇದಾವೆ," ಎಂದ ಫೋಲ್ಕ್‌ಮಾರ್. ತೋಳಿನಿಂದ ನೀರು ಇಳಿದು ಅಂಗಿಯೊಳಗೆ ಹೋಗುತ್ತಿತ್ತು. "ಒಂದೂ ಸತ್ತಿಲ್ಲ. ಎಣಿಸಿ ಬೇಕಾದ್ರೆ."

ಯಾರೂ ಎಣಿಸಲಿಲ್ಲ.

ಎವಾಲ್ಡ್ ತೊಟ್ಟಿಯ ದೀಪ ಆರಿಸಿದ. "ನಡೀರಪ್ಪ, ಕೇಕ್ ತಿನ್ನೋಣ," ಎಂದು ಉಳಿದವರನ್ನು ಅಡುಗೆಮನೆಗೆ ಸಾಗಿಸಿ, ಬಾಗಿಲಲ್ಲಿ ನಿಂತು ತಿರುಗಿದ. "ಮರೀಟಾ, ಪೆಟ್ಟಿಗೆ ಕಾರಲ್ಲಿದೆ ಕಣಮ್ಮ. ಖಾಲಿ ಒಯ್ದರೂ ನನಗೇನು ಭಾರ ಅಲ್ಲ. ಇಬ್ಬರೂ ಮಾತಾಡ್ಕೊಂಡು ಹೇಳಿ." ಬಾಗಿಲನ್ನು ಮೆಲ್ಲಗೆ ಎಳೆದುಕೊಂಡ.

ಮಾತಾಡ್ಕೊಂಡು. ಎಷ್ಟು ಸಲೀಸಾಗಿ ಅಂದುಬಿಟ್ಟ ಆ ಮುದುಕ.

"ಎಷ್ಟೊತ್ತಿಗೆ ಇಳಿಸಿದೆ?" ಎಂದಳು ಮರೀಟಾ.

"ಹನ್ನೆರಡಕ್ಕೆ." ಸುಳ್ಳು ಹೇಳುವ ಶಕ್ತಿಯೂ ಉಳಿದಿರಲಿಲ್ಲ. "ಅರ್ಧ ಡಿಗ್ರಿ. ಇಲ್ಲದಿದ್ರೆ ಎರಡಾಗ್ತಿತ್ತು."

"ಎರಡಾಗಿದ್ರೂ ನಾನು ಸರಿ ಅಂತಿದ್ದೆ."

"ಹೇಳ್ಬೇಕಾಗಿತ್ತು."

"ನೀನು ಕೇಳ್ಬೇಕಾಗಿತ್ತು." ಅವಳು ಗಾಜಿನ ಹತ್ತಿರ ಹೋಗಲಿಲ್ಲ. ದೂರದಿಂದಲೇ ಬಗ್ಗಿ ನೋಡಿದಳು. "ಹಲಗೆ ಹಾಕಿದ ದಿನವೇ ಸಾಕಾಗಿಹೋಯ್ತು ನನಗೆ. ಲೆಕ್ಕ ಯಾರಿಗೆ ಬೇಕಾಗಿತ್ತು."

"ಮತ್ತೆ ಪೆಟ್ಟಿಗೆ ಯಾಕೆ ತರಿಸಿದೆ?"

"ಅವಾದ್ರೂ ಬೆಳಕಿರೋ ಕಡೆ ಹೋಗ್ಲಿ ಅಂತ."

ಅವಾದ್ರೂ. ಅವನು ಆ ಮಾತಿನ ಎದುರು ನಿಂತ. ನೆಲದ ಮೇಲೆ ಚೆಲ್ಲಿದ ನೀರು ಅವನ ಉಣ್ಣೆಯ ಚಪ್ಪಲಿಗೆ ಇಳಿಯುತ್ತಿತ್ತು.

ಒಂದು ಮೀನು ಮತ್ತೆ ಗಾಜಿಗೆ ಬಡಿಯಿತು. ಇನ್ನೊಂದು ಬಡಿಯಿತು.

"ನಮ್ಮನ್ನ ನೋಡ್ತಿವೆ, ಅದಕ್ಕೇ," ಎಂದಳು ಮರೀಟಾ. "ಮರೆ ಮಾಡು."

ಅವನು ಹಲಗೆಯ ಒಂದು ತುದಿ ಎತ್ತಿದ, ಅವಳು ಇನ್ನೊಂದು ತುದಿ. ಗಾಜಿಗೆ ಆನಿಸಿದರು. ಅಂಟುಪಟ್ಟಿ ನೀರು ಕುಡಿದು ಜಾರಿತು, ಹಲಗೆ ನಿಲ್ಲಲೊಲ್ಲದು. ಅವಳು ಎರಡೂ ಅಂಗೈಯಿಂದ ಒತ್ತಿ ಹಿಡಿದಳು. ಅವನೂ ಹಿಡಿದ. ಹಲಗೆಯ ಹಿಂದೆ ಬಡಿತ ನಿಧಾನವಾಯಿತು; ಬೆರಳಿಗೆ ಮಾತ್ರ ಗೊತ್ತಾಗುವಷ್ಟಾಯಿತು; ಆಮೇಲೆ ಅದೂ ಇಲ್ಲ.

ಅವಳ ಮೊಣಕೈ ಅವನ ಮೊಣಕೈಗೆ ತಾಗುತ್ತಿತ್ತು. ಕೈ ತೆಗೆದರೆ ಹಲಗೆ ಬೀಳುತ್ತದೆ.

"ಕೇಕ್ ಮುಗೀತು ಕಣಮ್ಮ," ಎಂದ ಎವಾಲ್ಡ್ ಬಾಗಿಲಾಚೆಯಿಂದ. "ಪೆಟ್ಟಿಗೆ ತರ್ಲೋ, ಬೇಡವೋ?"

ಅವನು ಅವಳು ಹೇಳಲೆಂದು ಕಾದ. ಅವಳು ಅವನು ಹೇಳಲೆಂದು ಕಾದಳು. ಇಬ್ಬರೂ ಪಕ್ಕಪಕ್ಕದಲ್ಲಿ ನಿಂತು, ನಾಲ್ಕು ಕೈಯಲ್ಲಿ ಒತ್ತಿ ಹಿಡಿದ ಆ ಬಿಳಿ ಹಲಗೆಯನ್ನು ನೋಡುತ್ತಿದ್ದರು.